ಮಗ್ಗುಲು ಬದಲಿಸುವ ಕೈ



ಹಿಡಿದ ಕೆಲಸವೆಲ್ಲ ಕೆಟ್ಟುಹೋದ ದಿನ 'ಈ ಹೊತ್ತು ಯಾವ ಮಗ್ಗುಲಲ್ಲಿ ಎದ್ದೆನೋ' ಎಂದು ಹಣೆ ಚಚ್ಚಿಕೊಳ್ಳುವ ವಾಡಿಕೆ ನಮ್ಮಲ್ಲಿ ಉಂಟಷ್ಟೆ. ಎದ್ದ ಮಗ್ಗುಲಿಗೂ ದಿನದ ಅದೃಷ್ಟಕ್ಕೂ ಇರಬಹುದಾದ ಸಂಬಂಧವನ್ನು ಜ್ಯೋತಿಷಿಗಳ ವಿಚಾರಕ್ಕೆ ಬಿಡೋಣ. ಆದರೆ ಮಲಗಿದ ಮಗ್ಗುಲಿಗೂ ಮನುಷ್ಯನ ಪ್ರಾಣಕ್ಕೂ ನಿಕಟವಾದ ಸಂಬಂಧವಿದೆ ಎಂಬುದನ್ನು, 34 ವರ್ಷಗಳ ಕಾಲ ವಾರ್ಡಿನಲ್ಲಿಯೂ ಆಪರೇಷನ್ ಥಿಯೇಟರಿನಲ್ಲಿಯೂ ದಾದಿಯಾಗಿ ದುಡಿದ ನಾನು ಕಣ್ಣಾರೆ ಕಂಡಿದ್ದೇನಾದ್ದರಿಂದ, ರೋಗಿಯನ್ನು ಮಲಗಿಸುವ ಬಗೆ ಎಂಬ ಅತಿ ಸಾಮಾನ್ಯವಾಗಿ ತೋರುವ ವಿಷಯವನ್ನೇ ಈ ಹೊತ್ತಿನ ಮಾತಿಗೆ ಆರಿಸಿಕೊಂಡಿದ್ದೇನೆ.

ಆರೋಗ್ಯವಂತನಾದ ಮನುಷ್ಯನು ಗಾಢ ನಿದ್ರೆಯಲ್ಲಿರುವಾಗಲೂ ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದಿಲ್ಲ. ಅಂಗಾತ ಮಲಗಿದವನು ಎಡಕ್ಕೆ ಹೊರಳುತ್ತಾನೆ, ಎಡದವನು ಬಲಕ್ಕೆ ಹೊರಳುತ್ತಾನೆ, ಕಾಲು ಮಡಿಸುತ್ತಾನೆ, ಅಡಿಗೆ ಸಿಕ್ಕಿದ ತೋಳನ್ನು ಎಳೆದುಕೊಳ್ಳುತ್ತಾನೆ. ಬೆಳಗ್ಗೆ ಎದ್ದಾಗ ಇದಾವುದೂ ಅವನ ನೆನಪಿನಲ್ಲಿರುವುದಿಲ್ಲ. ಒಡೆಯನು ಮಲಗಿದ್ದರೂ ತಾನು ಮಲಗದ ಕಾವಲುಗಾರನೊಬ್ಬನು ಶರೀರದೊಳಗೆ ಕುಳಿತು, ಎಲ್ಲಿ ಒತ್ತಿತು, ಎಲ್ಲಿ ಜೋಮು ಹಿಡಿಯಿತು, ಎಲ್ಲಿ ರಕ್ತ ಸಂಚಾರ ನಿಂತಿತು ಎಂಬುದನ್ನು ನೋಡುತ್ತ, ರಾತ್ರಿಯೆಲ್ಲ ನಮ್ಮನ್ನು ಹೊರಳಿಸುತ್ತಿರುತ್ತಾನೆ. ಪಾರ್ಶ್ವವಾಯು ಬಡಿದಾಗ, ಬೆನ್ನುಹುರಿಗೆ ಪೆಟ್ಟು ಬಿದ್ದಾಗ, ಜ್ವರದಿಂದಲೋ ವೃದ್ಧಾಪ್ಯದಿಂದಲೋ ತ್ರಾಣ ಉಡುಗಿದಾಗ, ಅಥವಾ ಶಸ್ತ್ರಚಿಕಿತ್ಸೆಗೆಂದು ಅರಿವಳಿಕೆ ಕೊಟ್ಟಾಗ ಈ ಕಾವಲುಗಾರನ ಕೆಲಸ ನಿಂತುಹೋಗುತ್ತದೆ. ಆಗ ಅವನ ಕೆಲಸವನ್ನು ಪಕ್ಕದಲ್ಲಿ ನಿಂತವರು ವಹಿಸಿಕೊಳ್ಳಬೇಕು. ನಾನು ಈ ಹೊತ್ತು ಹೇಳಬೇಕಾಗಿರುವುದೆಲ್ಲ ಈ ಒಂದು ಮಾತಿನ ವಿಸ್ತಾರವೇ ಆಗಿದೆ.

'ಅವರು ಹಾಸಿಗೆ ಹಿಡಿದರು' ಎನ್ನುತ್ತೇವೆ. ಮೊದಲ ಕೆಲವು ದಿನ ಅದು ನಿಜ. ಆಮೇಲೆ ಹಾಸಿಗೆಯೇ ಅವರನ್ನು ಹಿಡಿಯುತ್ತದೆ. ಅದು ಹಿಡಿಯುವ ಸ್ಥಳಗಳೂ ಗೊತ್ತಾದವೇ: ಅಂಗಾತ ಮಲಗಿದವರಿಗೆ ಹಿಂದಲೆ, ಹೆಗಲ ಮೂಳೆ, ಮೊಳಕೈ, ಸೊಂಟದ ಕೆಳಗಿನ ತ್ರಿಕಾಸ್ಥಿ ಮತ್ತು ಹಿಮ್ಮಡಿ, ಮಗ್ಗುಲಾಗಿ ಮಲಗಿದವರಿಗೆ ಕಿವಿ, ಭುಜ, ತೊಡೆಯ ಬುಡ, ಮಂಡಿಯ ಬದಿ ಮತ್ತು ಕಾಲಿನ ಗಿಣ್ಣು. ಎಲ್ಲೆಲ್ಲಿ ಮೂಳೆಗೂ ಚರ್ಮಕ್ಕೂ ನಡುವೆ ಮಾಂಸ ಕಡಮೆಯೋ ಅಲ್ಲೆಲ್ಲ ಅಪಾಯವೇ. ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡ ಬಹು ಸ್ವಲ್ಪವಾದದ್ದು. 1930ರಲ್ಲಿ ಯೂಜೀನ್ ಲ್ಯಾಂಡಿಸ್ ಎಂಬ ವಿಜ್ಞಾನಿ ಅಳೆದು ನೋಡಿದಾಗ, ರಕ್ತ ಒಳಬರುವ ತುದಿಯಲ್ಲಿ ಅದು ಸುಮಾರು 32 ಮಿಲಿಮೀಟರ್ ಪಾದರಸದಷ್ಟೇ ಇದ್ದಿತು. ಮೂಳೆಯ ಮೇಲೆ ಬಿದ್ದ ದೇಹಭಾರ ಅದನ್ನು ಮೀರುವುದು ಕಷ್ಟವಲ್ಲ; ಮೀರಿದ ಹೊತ್ತು ದೀರ್ಘವಾದಂತೆಲ್ಲ ಆ ಎಡೆಯ ಮಾಂಸವು ಉಸಿರು ಕಟ್ಟಿದಂತಾಗಿ ಸಾಯತೊಡಗುತ್ತದೆ. ಹುಣ್ಣು ಮೇಲೆ ಕಾಣುವುದು ಕಡೆಗೆ. ಅದು ಹುಟ್ಟುವುದು ಅನೇಕ ವೇಳೆ ಒಳಗೆ, ಮೂಳೆಯ ಪಕ್ಕದಲ್ಲಿ. ರೂಪಾಯಿ ನಾಣ್ಯದಷ್ಟು ಗಾಯವನ್ನು ಕಂಡು ಇಷ್ಟೇ ತಾನೆ ಎಂದುಕೊಂಡವರು, ಅದನ್ನು ತೊಳೆಯುವಾಗ ಅಂಗೈಯಗಲದ ಗುಹೆಯನ್ನು ಕಂಡು ಬೆಚ್ಚಿಬೀಳುವುದು ಇದರಿಂದಲೇ. ಇಂತಹ ಹುಣ್ಣು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂಬ ಅರ್ಥದ ಮಾತನ್ನು ಫ್ಲಾರೆನ್ಸ್ ನೈಟಿಂಗೇಲ್ 1859ರಷ್ಟು ಹಿಂದೆಯೇ ಬರೆದಿಟ್ಟಳು.

ಚರ್ಮ ಕೆಂಪಾದಾಗ ಬೆರಳಿನಿಂದ ಒತ್ತಿ ನೋಡಬೇಕು, ಒತ್ತಿದಾಗ ಬೆಳ್ಳಗಾಗದಿದ್ದರೆ ಹುಣ್ಣಿನ ಮೊದಲ ಹಂತವೆಂದು ತಿಳಿಯಬೇಕು ಎಂದು ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಆ ಪುಸ್ತಕಗಳನ್ನು ಬರೆದವರು ಬೆಳ್ಳನೆಯ ಮೈಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದರು; ನಮ್ಮವರ ಎಣ್ಣೆಗಪ್ಪು ಮೈಯಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ. ಆದ್ದರಿಂದ ನಮ್ಮಲ್ಲಿ ಕಣ್ಣಿಗಿಂತ ಕೈಯೇ ಹೆಚ್ಚು ನಂಬತಕ್ಕದ್ದು: ಸುತ್ತಲಿನ ಚರ್ಮಕ್ಕಿಂತ ಆ ಎಡೆ ಬಿಸಿಯಾಗಿದೆಯೆ, ಗಟ್ಟಿಯಾಗಿದೆಯೆ, ಅಥವಾ ಮಾಗಿದ ಹಣ್ಣಿನಂತೆ ಮೆತ್ತಗಾಗಿದೆಯೆ, ಬಣ್ಣ ನೇರಳೆಗೆ ತಿರುಗಿದೆಯೆ ಎಂದು ದಿನಕ್ಕೊಮ್ಮೆಯಾದರೂ ಹಗಲ ಬೆಳಕಿನಲ್ಲಿ ಮುಟ್ಟಿ ನೋಡಬೇಕು.

ಈಗ ತಮ್ಮನ್ನು ಯಲಹಂಕದ ಹಳೆಯ ಊರಿನ ಒಂದು ಮನೆಗೆ ಕರೆದೊಯ್ಯುತ್ತೇನೆ. ಬಳ್ಳಾರಿ ರಸ್ತೆಯ ಬದಿಯಲ್ಲಿ 1973ರಿಂದ ನಿಂತಿರುವ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಯೇ ಮೊದಲಾಗಿ ನಮ್ಮ ಉತ್ತರ ಬೆಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಆದರೆ ಆಸ್ಪತ್ರೆಯ ವಾಸ ಕೆಲವು ದಿನಗಳದ್ದು, ಮಿಕ್ಕ ತಿಂಗಳುಗಳ ಶುಶ್ರೂಷೆಯೆಲ್ಲ ನಡೆಯಬೇಕಾದದ್ದು ನಡುಮನೆಯ ಮಂಚದ ಮೇಲೆ. ಆ ಮನೆಯ ಯಜಮಾನರು ರೈಲ್ವೆ ಗಾಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಪಾರ್ಶ್ವವಾಯುವಿನಿಂದ ಎಡಗೈ ಎಡಗಾಲು ಬಿದ್ದುಹೋಗಿದ್ದುವು. ಮಾತು ತುಸು ತೊದಲಿದರೂ ಹಾಸ್ಯಪ್ರಜ್ಞೆ ಮಾತ್ರ ತೊದಲಿರಲಿಲ್ಲ. ನಾನು ಹೋದಾಗ ಮಗನು ತಂದೆಯ ಕಂಕುಳಿಗೆ ಕೈಕೊಟ್ಟು, ಜಾರಿದ ಮೈಯನ್ನು ದಿಂಬಿನತ್ತ ದರದರನೆ ಎಳೆಯುತ್ತಿದ್ದನು. ಬಲಹೀನವಾದ ಭುಜದ ಕೀಲು ಹೀಗೆ ಎಳೆದರೆ ತನ್ನ ಗೂಡಿನಿಂದ ಜಾರಬಲ್ಲುದು. ಅಲ್ಲದೆ ಚರ್ಮವು ಬಟ್ಟೆಗೆ ಅಂಟಿ ಅಲ್ಲೇ ನಿಂತು, ಒಳಗಿನ ಮೂಳೆ ಮಾತ್ರ ಮುಂದೆ ಸರಿಯುವುದರಿಂದ, ನಡುವಣ ರಕ್ತನಾಳಗಳು ಸೆಳೆದು ಹರಿಯುತ್ತವೆ. ಒತ್ತಡ ಮೆಲ್ಲನೆ ಕೊಂದರೆ ಈ ಎಳೆತ ಬೇಗ ಕೊಲ್ಲುತ್ತದೆ.

'ಹಳೆಯ ನೂಲಿನ ಸೀರೆ ಇದ್ದರೆ ಕೊಡಮ್ಮ' ಎಂದು ಸೊಸೆಯನ್ನು ಕೇಳಿದೆ. ಒಗೆದೊಗೆದು ಮೆತ್ತಗಾದ ಸೀರೆಯೊಂದು ಬಂದಿತು. ಅದನ್ನು ನಾಲ್ಕು ಮಡಿಕೆ ಮಾಡಿ, ಹೆಗಲಿನಿಂದ ತೊಡೆಯವರೆಗೆ ಬರುವಂತೆ ಮೈಯಡಿಗೆ ಹಾಸಿದೆವು. ಆ ಕಡೆ ಮಗ, ಈ ಕಡೆ ಸೊಸೆ. ಇಬ್ಬರೂ ಅಂಚನ್ನು ಮೈಗೆ ತಾಗುವವರೆಗೆ ಸುರುಳಿ ಸುತ್ತಿ, ಮುಷ್ಟಿ ಮೇಲ್ಮುಖವಾಗಿ ಹಿಡಿದು, ಒಂದು ಕಾಲು ಮುಂದಿಟ್ಟು, ಬೆನ್ನು ಬಗ್ಗಿಸದೆ ಮಂಡಿ ಬಗ್ಗಿಸಿ ನಿಂತರು. 'ಮಾವ, ಈಗ ಮೇಲಕ್ಕೆ ಎತ್ತುತ್ತೇವೆ, ಹೆದರಬೇಡಿ' ಎಂದು ಸೊಸೆ ಹೇಳಿದಳು. ಈ ಮುನ್ಸೂಚನೆಯೂ ಚಿಕಿತ್ಸೆಯ ಅಂಗವೇ. ಹೇಳದೆ ಎತ್ತಿದರೆ ರೋಗಿ ಗಾಬರಿಯಿಂದ ಮೈ ಬಿಗಿದುಕೊಳ್ಳುತ್ತಾನೆ. ಒಂದು, ಎರಡು, ಮೂರು ಎನ್ನುವಷ್ಟರಲ್ಲಿ ಆ ಭಾರವಾದ ದೇಹ ಹಾಸಿಗೆಗೆ ಉಜ್ಜದೆ ಮೇಲೆದ್ದು ತನ್ನ ಸ್ಥಾನಕ್ಕೆ ಬಂದಿತು. ಮಗನು ತನ್ನ ಕೈಗಳನ್ನೇ ನೋಡಿಕೊಂಡು, 'ಇಷ್ಟು ಹಗುರವೆ ಅಪ್ಪ!' ಎಂದನು.

ಆಮೇಲೆ ಮಗ್ಗುಲು ಮಾಡಿಸುವ ಕ್ರಮ. ಪೂರ್ತಿ ಪಕ್ಕಕ್ಕೆ ತಿರುಗಿಸಿ ತೊಡೆಯ ಬುಡದ ಮೂಳೆಯ ಮೇಲೆಯೇ ನಿಲ್ಲಿಸಬಾರದು. ಅಂಗಾತಕ್ಕೂ ಮಗ್ಗುಲಿಗೂ ನಡುವೆ, ಸುಮಾರು 30 ಅಂಶಗಳಷ್ಟು ವಾಲಿಸಿ, ಬೆನ್ನ ಹಿಂದೆ ಒಂದು ದಿಂಬನ್ನು ಒರಗಾಗಿ ಕೊಡಬೇಕು. ಎರಡು ಮಂಡಿಗಳು ಒಂದಕ್ಕೊಂದು ಉಜ್ಜದಂತೆ ನಡುವೆ ಇನ್ನೊಂದು ದಿಂಬು. ಮೀನಖಂಡದ ಕೆಳಗೆ ಮತ್ತೊಂದನ್ನು ಇಟ್ಟು ಹಿಮ್ಮಡಿಗಳು ಗಾಳಿಯಲ್ಲಿ ತೇಲುವಂತೆ ಬಿಡಬೇಕು. ಬಿದ್ದುಹೋದ ಕಡೆಯ ಮೇಲೆ ಮಲಗಿಸುವಾಗ ಭುಜವನ್ನು ಮೆಲ್ಲನೆ ಮುಂದಕ್ಕೆ ತಂದು, ಅದು ಮೈಯಡಿಗೆ ನಜ್ಜಾಗದಂತೆ ನೋಡಬೇಕು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ರೂಢಿ. ಒಳ್ಳೆಯ ಗಾಳಿಹಾಸಿಗೆಯಿದ್ದು ಚರ್ಮ ಚೆನ್ನಾಗಿದ್ದರೆ ವೈದ್ಯರ ಸಲಹೆಯಂತೆ ಅವಧಿಯನ್ನು ಹೆಚ್ಚಿಸಬಹುದು. ಆದರೆ 'ಏರ್ ಬೆಡ್ ತಂದಿದ್ದೇವಲ್ಲ' ಎಂದು ಕೈಕಟ್ಟಿ ಕೂರುವುದಕ್ಕೆ ಯಾವ ಹಾಸಿಗೆಯೂ ಅನುಮತಿ ಕೊಡುವುದಿಲ್ಲ. ಸೊಸೆ ಗೋಡೆಯ ಕ್ಯಾಲೆಂಡರಿನ ಹಳೆಯ ತಿಂಗಳ ಹಾಳೆಯೊಂದನ್ನು ಹರಿದು, ಅದರ ಬೆನ್ನ ಮೇಲೆ ಗೆರೆ ಎಳೆದು, 6 ಗಂಟೆ ಎ, 8 ಗಂಟೆ ಅಂ, 10 ಗಂಟೆ ಬ ಎಂದು ಬರೆದು ಮೊಳೆಗೆ ಸಿಕ್ಕಿಸಿದಳು. ಎಡ, ಅಂಗಾತ, ಬಲ. ಯಜಮಾನರು ಅದನ್ನು ದಿಟ್ಟಿಸಿ ನೋಡಿ, 'ಕಾರ್ಖಾನೆಯಲ್ಲಿ ಮೂರೇ ಶಿಫ್ಟು. ಮನೆಯಲ್ಲಿ ಹನ್ನೆರಡು ಮಾಡಿಬಿಟ್ಟಿರಲ್ಲ ಸಿಸ್ಟರ್' ಎಂದರು.

ಈ ವಿದ್ಯೆ ಆಸ್ಪತ್ರೆಯವರದು ಮಾತ್ರವೇ ಎಂದು ಭಾವಿಸಬೇಕಾಗಿಲ್ಲ. ಹೆಬ್ಬಾಳದಲ್ಲಿ 1958ರಿಂದ ನಡೆದುಬಂದಿರುವ ಪಶುವೈದ್ಯಕೀಯ ಕಾಲೇಜಿನಲ್ಲಿ ಕಲಿತವರನ್ನಾಗಲಿ, ಸುತ್ತಿನ ಹಳ್ಳಿಗಳ ಹಳೆಯ ರೈತರನ್ನಾಗಲಿ ಕೇಳಿನೋಡಿ: ಕರು ಹಾಕಿದ ಮೇಲೆ ಏಳಲಾರದೆ ಮಲಗಿಬಿಟ್ಟ ಹಸುವನ್ನು ಒಂದೇ ಮಗ್ಗುಲಿಗೆ ಬಿಟ್ಟರೆ, ಅಡಿಗೆ ಸಿಕ್ಕಿದ ಕಾಲಿನ ಮಾಂಸ ಅದರದೇ ಭಾರಕ್ಕೆ ಜಜ್ಜಿಹೋಗಿ, ಮೂಲದ ಕಾಯಿಲೆ ವಾಸಿಯಾದರೂ ಹಸು ಏಳಲಾರದು. ಅದಕ್ಕೇ ಅಡಿಗೆ ದಟ್ಟವಾಗಿ ಹುಲ್ಲು ಹಾಸಿ, ನಾಲ್ಕು ಜನ ಸೇರಿ ದಿನಕ್ಕೆ ಹಲವು ಸಲ ಹೊರಳಿಸುತ್ತಾರೆ. ಹಸುವಿಗೆ ತಪ್ಪದೆ ಮಾಡುವ ಈ ಉಪಚಾರವನ್ನು ಮನೆಯ ಹಿರಿಯರಿಗೆ ಮಾಡುವಾಗ, 'ನಿದ್ದೆ ಕೆಡಿಸುವುದೇಕೆ, ಪಾಪ' ಎಂದು ಮರುಕ ತೋರಿ ಬಿಟ್ಟುಬಿಡುವುದುಂಟು, ಅದು ಮರುಕವಲ್ಲ.

ಯಶವಂತಪುರದಲ್ಲಿಯೂ ಆರ್.ಟಿ. ನಗರದಲ್ಲಿಯೂ ಮನೆಮನೆಗೆ ಬಾಡಿಗೆಗೆ ಬರುವ, ಹಿಡಿಕೆ ತಿರುಗಿಸಿದರೆ ತಲೆಯ ಕಡೆ ಮೇಲೇಳುವ ಮಂಚವನ್ನು 'ಫೌಲರ್ ಕಾಟ್' ಎನ್ನುತ್ತೇವೆ. ಈ ಫೌಲರ್ ಕಂಪನಿಯ ಹೆಸರಲ್ಲ. ಹೊಟ್ಟೆಯೊಳಗಿನ ಕೀವು ಮೇಲಕ್ಕೆ ಹರಡದೆ ಕೆಳಗಿಳಿಯಲೆಂದು ರೋಗಿಯ ತಲೆಯ ಕಡೆಯನ್ನು ಎತ್ತಿ ಮಲಗಿಸುವ ಕ್ರಮವನ್ನು 1900ರಲ್ಲಿ ಪ್ರಕಟಿಸಿದ ಜಾರ್ಜ್ ಫೌಲರ್ ಎಂಬ ಅಮೆರಿಕದ ಶಸ್ತ್ರವೈದ್ಯನ ಹೆಸರು. ಆ ಕಾಟಿನ ಹಿಡಿಕೆಯನ್ನು ತಿರುಗಿಸುವುದರಲ್ಲೂ ಒಂದು ಅನುಕ್ರಮವುಂಟು. ತಲೆಯ ಕಡೆಯನ್ನು ಮಾತ್ರ ಎತ್ತಿದರೆ ರೋಗಿ ಗಂಟೆಯೊಳಗೆ ಕೆಳಕ್ಕೆ ಜಾರಿ, ತ್ರಿಕಾಸ್ಥಿಯ ಮೇಲೆ ನಾನು ಆಗಲೇ ಹೇಳಿದ ಎಳೆತ ಬೀಳುತ್ತದೆ; ಮೊದಲು ಮಂಡಿಯ ಕಡೆಯನ್ನು ತುಸು ಎತ್ತಿ, ಆಮೇಲೆ ತಲೆಯ ಕಡೆಯನ್ನು ಎತ್ತಬೇಕು. ಗಂಜಿ ಕುಡಿಸುವಾಗ ಚೆನ್ನಾಗಿ ಕೂರಿಸಿ, ಕುಡಿಸಿದ ಮೇಲೆ ಅರ್ಧ ಗಂಟೆಯಾದರೂ ಹಾಗೆಯೇ ಇರಿಸಿ, ಅನಂತರ ಇಳಿಸಬೇಕು. ಅಂಗಾತ ಮಲಗಿದವರ ಬಾಯಿಗೆ ಹುಯ್ದ ಗಂಜಿ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಸಂಚಕಾರ ತಂದ ಉದಾಹರಣೆಗಳು ಒಂದೆರಡಲ್ಲ.

ಇನ್ನು ಶಸ್ತ್ರಚಿಕಿತ್ಸೆಯ ಕೋಣೆ. ಸುಶ್ರುತ ಸಂಹಿತೆಯಲ್ಲಿ ಮೂತ್ರಾಶಯದ ಕಲ್ಲನ್ನು ತೆಗೆಯುವ ಪ್ರಕರಣವನ್ನು ನೋಡಿದರೆ, ಶಸ್ತ್ರದ ಮಾತಿಗಿಂತ ಮೊದಲು ಮಲಗಿಸುವ ಮಾತು ಬರುತ್ತದೆ: ಮಂಡಿಯೆತ್ತರದ ಹಲಗೆಯ ಮೇಲೆ ಬಲಶಾಲಿಯೊಬ್ಬನನ್ನು ಕೂರಿಸಿ, ರೋಗಿಯ ಮೇಲುಮೈ ಅವನ ತೊಡೆಯ ಮೇಲೆ ಬರುವಂತೆ ಅಂಗಾತ ಮಲಗಿಸಿ, ಸೊಂಟಕ್ಕೆ ಬಟ್ಟೆಯ ಒತ್ತುಕೊಟ್ಟು ಎತ್ತರಿಸಿ, ಮಂಡಿ ಮೊಳಕೈಗಳನ್ನು ಮಡಿಸಿ, ದಾರದಿಂದಾಗಲಿ ಬಟ್ಟೆಯಿಂದಾಗಲಿ ಕಟ್ಟತಕ್ಕದ್ದು ಎಂದು ವಿಧಿ. ಇಂದಿಗೂ ಹೆರಿಗೆ ಹಾಗೂ ಮೂತ್ರಕೋಶದ ಶಸ್ತ್ರಕ್ರಿಯೆಗಳಲ್ಲಿ ಬಳಸುವ ಭಂಗಿ ಹೆಚ್ಚು ಕಡಮೆ ಇದೇ. ಬಲಶಾಲಿಯ ತೊಡೆಯ ಬದಲು ಮೇಜು ಬಂದಿದೆ, ಬಟ್ಟೆಯ ಕಟ್ಟಿನ ಬದಲು ಕಾಲುಗಳನ್ನು ಹೊರುವ ಲೋಹದ ಸ್ಟಿರಪ್ ಬಂದಿದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು: ಆ ಕಾಲದ ರೋಗಿ ನೋವಾದರೆ ಕೂಗಿಕೊಳ್ಳಬಲ್ಲವನಾಗಿದ್ದ, ಪೂರ್ಣ ಅರಿವಳಿಕೆಯಲ್ಲಿರುವ ನಮ್ಮ ರೋಗಿ ಕೂಗಲಾರ.

ನಾನು ಸೇವೆಗೆ ಸೇರಿದ ಹೊಸತರಲ್ಲಿ, ಹೆಸರು ಹೇಳಬೇಕಾಗಿಲ್ಲದ ಒಂದು ಆಸ್ಪತ್ರೆಯಲ್ಲಿ, ಯುವಕನೊಬ್ಬನಿಗೆ ಈ ಭಂಗಿಯಲ್ಲಿ ದೀರ್ಘವಾದ ಶಸ್ತ್ರಕ್ರಿಯೆ ನಡೆಯಿತು. ಕಾಲನ್ನು ಸ್ಟಿರಪ್ಪಿಗೆ ಏರಿಸಿದ ಕೈ ನನ್ನದೇ. ಮಂಡಿಯ ಕೆಳಗೆ ಹೊರಬದಿಯಲ್ಲಿ ಮುಟ್ಟಿದರೆ ಸಿಕ್ಕುವ ಚಿಕ್ಕ ಮೂಳೆಯ ಗುಬಟೆಯನ್ನು ಬಳಸಿಕೊಂಡು ಒಂದು ನರ ಹಾದುಹೋಗುತ್ತದೆ, ಅದು ಲೋಹಕ್ಕೆ ಒತ್ತಬಾರದು, ನಡುವೆ ಮೆತ್ತೆಯಿರಬೇಕು ಎಂಬುದನ್ನು ನಾನು ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಆ ಬೆಳಗ್ಗೆ ಮಾತ್ರ ನೆನೆಯಲಿಲ್ಲ. ಮೂರನೆಯ ದಿನ ಹುಡುಗ ನಡೆಯಲು ಎದ್ದಾಗ, 'ಈ ಕಾಲಿಗೆ ಚಪ್ಪಲಿ ನಿಲ್ಲುವುದೇ ಇಲ್ಲ ಸಿಸ್ಟರ್, ಜಾರಿ ಬೀಳುತ್ತೆ' ಎಂದು ನಗುತ್ತ ಹೇಳಿದನು. ಪಾದ ಜೋತುಬಿದ್ದಿತ್ತು. ತಿಂಗಳುಗಳ ಮೇಲೆ ಅದು ಸರಿಹೋಯಿತೆಂಬುದು ನನ್ನ ಪುಣ್ಯ. ಆದರೆ ಒಂದು ಹವಾಯಿ ಚಪ್ಪಲಿ ನೆಲಕ್ಕೆ ಬಿದ್ದ ಆ ಸಣ್ಣ ಸದ್ದು ನನ್ನ ವೃತ್ತಿಜೀವನದುದ್ದಕ್ಕೂ ಕಿವಿಯಲ್ಲಿ ಉಳಿಯಿತು. ಅಂದಿನಿಂದ ರೋಗಿಗೆ ಹಸಿರು ಬಟ್ಟೆ ಹೊದಿಸುವುದಕ್ಕೆ ಮುಂಚೆ ತಲೆಯಿಂದ ಕಾಲಿನವರೆಗೆ ಒಮ್ಮೆ ಕೈಯಾಡಿಸಿ ನೋಡದೆ ನಾನು ಮೇಜಿನಿಂದ ದೂರ ಸರಿದವಳಲ್ಲ: ಕಣ್ಣು ಮುಚ್ಚಿ ಪಟ್ಟಿ ಹಾಕಿದೆಯೆ, ಕತ್ತು ನೇರವಾಗಿದೆಯೆ, ತೋಳು ಮೈಯಿಂದ 90 ಅಂಶಕ್ಕಿಂತ ಹೆಚ್ಚು ಚಾಚಿಲ್ಲವಷ್ಟೆ, ತಗುಲಿದರೆ ಜುಮ್ಮೆನ್ನುವ ಮೊಳಕೈಯ ನರಕ್ಕೆ ಮೆತ್ತೆಯಿದೆಯೆ, ಹಿಮ್ಮಡಿ ಒತ್ತುತ್ತಿಲ್ಲವಷ್ಟೆ. ಸ್ಟಿರಪ್ಪಿಗೆ ಎರಡು ಕಾಲುಗಳನ್ನೂ ಇಬ್ಬರು ಸೇರಿ ಒಟ್ಟಿಗೇ ಏರಿಸಬೇಕು. ಇಳಿಸುವಾಗಲೂ ಒಟ್ಟಿಗೇ, ನಿಧಾನವಾಗಿ ಇಳಿಸಬೇಕು. ಇಲ್ಲವಾದರೆ ಸೊಂಟದ ಕೀಲು ತಿರುಚುತ್ತದೆ, ರಕ್ತವೆಲ್ಲ ಥಟ್ಟನೆ ಕಾಲಿಗಿಳಿದು ರಕ್ತದೊತ್ತಡ ಕುಸಿಯುತ್ತದೆ. ತುಂಬು ಗರ್ಭಿಣಿಯನ್ನು ಮೇಜಿನ ಮೇಲೆ ನೇರ ಅಂಗಾತ ಮಲಗಿಸದೆ ಬಲ ಸೊಂಟದಡಿಗೆ ಮೆತ್ತೆಯಿಟ್ಟು ತುಸು ಎಡಕ್ಕೆ ವಾಲಿಸುವುದೂ ಇದೇ ಬಗೆಯ ಎಚ್ಚರ. ಗರ್ಭದ ಭಾರ ಬೆನ್ನಿನ ಪಕ್ಕದ ದೊಡ್ಡ ರಕ್ತನಾಳದ ಮೇಲೆ ಬಿದ್ದರೆ ತಾಯಿಗೂ ಕೂಸಿಗೂ ಒಟ್ಟಿಗೇ ಕುತ್ತು.

ಭಂಗಿಯೇ ಔಷಧವಾದ ಸಂದರ್ಭವೊಂದನ್ನು ನಾವೆಲ್ಲರೂ ಕಂಡಿದ್ದೇವೆ. ಉಸಿರು ತೀರ ಕೆಟ್ಟು ಯಂತ್ರದ ಆಸರೆಯಲ್ಲಿದ್ದ ರೋಗಿಗಳನ್ನು ದಿನಕ್ಕೆ 16 ಗಂಟೆಗಳಷ್ಟು ಹೊತ್ತು ಬೋರಲು ಮಲಗಿಸಿದರೆ, 28 ದಿನಗಳೊಳಗಿನ ಸಾವು ನೂರಕ್ಕೆ 33ರ ಆಸುಪಾಸಿನಿಂದ 16ಕ್ಕೆ ಇಳಿಯಿತೆಂದು ಫ್ರಾನ್ಸಿನ ವೈದ್ಯ ಗೆರಾಂ ಮತ್ತು ಸಂಗಡಿಗರು 2013ರಲ್ಲಿ ತೋರಿಸಿಕೊಟ್ಟರು. ಶ್ವಾಸಕೋಶದ ಹೆಚ್ಚಿನ ಭಾಗ ಇರುವುದು ಬೆನ್ನ ಕಡೆ. ಅಂಗಾತ ಮಲಗಿದಾಗ ಹೃದಯವೂ ಹೊಟ್ಟೆಯೂ ಅದನ್ನು ಅದುಮುತ್ತವೆ. ಬೋರಲಾದಾಗ ಅದು ಅರಳುತ್ತದೆ. 2021ರ ಏಪ್ರಿಲಿನಲ್ಲಿ, ಕೋವಿಡ್ ಹಾವಳಿಯ ನಡುವೆ, ಆಮ್ಲಜನಕಕ್ಕಾಗಿ ಬೆಂಗಳೂರು ಬಾಯಿ ಬಾಯಿ ಬಿಡುತ್ತಿದ್ದಾಗ, ಕೇಂದ್ರದ ಆರೋಗ್ಯ ಸಚಿವಾಲಯವು ಇದೇ ತತ್ತ್ವವನ್ನು ಮನೆಯಲ್ಲಿದ್ದವರಿಗೂ ತಿಳಿಸಿತು: ಕತ್ತಿನ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆಯ ಮೇಲ್ಭಾಗದವರೆಗೆ ಒಂದೆರಡು, ಮೊಳಕಾಲಿನ ಕೆಳಗೆ ಎರಡು, ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಬೋರಲು, ಆಮೇಲೆ ಬಲಕ್ಕೆ, ಎದ್ದು ಕೂತು, ಎಡಕ್ಕೆ. ಗರ್ಭಿಣಿಯರಿಗೆ ಇದು ಸಲ್ಲದು, ಊಟವಾದ ಒಂದು ಗಂಟೆಯೊಳಗೆ ಸಲ್ಲದು ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಮನೆಯಲ್ಲಿದ್ದ ದಿಂಬೇ ಅಂದು ಆಸ್ಪತ್ರೆಯ ಉಪಕರಣವಾಯಿತು.

ದಿಂಬಿನ ಮಾತು ಬಂದಾಗ ಶರಶಯ್ಯೆಯ ಭೀಷ್ಮನು ನೆನಪಿಗೆ ಬರುತ್ತಾನೆ. ಮೈಯೆಲ್ಲ ಬಾಣಗಳ ಮೇಲೆ ನಿಂತು ತಲೆ ಮಾತ್ರ ಜೋಲುತ್ತಿರಲು, ಅರಸರು ತಂದ ಹಂಸತೂಲದ ದಿಂಬುಗಳನ್ನು ಅವನು ಒಲ್ಲೆನೆಂದನು. ಅರ್ಜುನನು ಬಾಣಗಳನ್ನೇ ನೆಟ್ಟು ಆ ಹಾಸಿಗೆಗೆ ಒಪ್ಪುವ ಆಸರೆ ಕೊಟ್ಟನು. ನಯವಾದುದೆಲ್ಲ ಹಿತವಾದುದಲ್ಲ ಎಂಬ ಈ ತಿಳಿವಳಿಕೆ ನಮಗೂ ಬೇಕು. ಮೂಳೆಯ ಕೆಳಗೆ ರಬ್ಬರಿನ ಉಂಗುರವನ್ನಿಡುವುದು, ಹಿಮ್ಮಡಿಯಡಿಗೆ ನೀರು ತುಂಬಿದ ಕೈಗವಸನ್ನು ಕಟ್ಟುವುದು ಹಿತವೆಂದು ತೋರುತ್ತವೆ. ಆದರೆ ಉಂಗುರವು ಸುತ್ತಲೂ ಒತ್ತಿ ನಡುವಿನ ಚರ್ಮಕ್ಕೆ ರಕ್ತವನ್ನೇ ಬಿಡುವುದಿಲ್ಲ, ಕೈಗವಸು ಭಾರವನ್ನು ಹರಡುವುದಿಲ್ಲ. ಕೆಂಪಾದ ಎಡೆಯನ್ನು ಸ್ಪಿರಿಟ್ ಹಚ್ಚಿ ಉಜ್ಜಿ ಪೌಡರ್ ಹಾಕಬೇಕೆಂದು ನನಗೆ ಕಲಿಸಿದ್ದರು, ನಾನೂ ನೂರಾರು ಬೆನ್ನುಗಳನ್ನು ಉಜ್ಜಿದೆ. ನೊಂದ ಮಾಂಸವನ್ನು ಉಜ್ಜಿದರೆ ಮತ್ತಷ್ಟು ಹರಿಯುತ್ತದೆಂದು ಈಗ ತಿಳಿದಿದೆ. ರಕ್ತದೊತ್ತಡ ಕುಸಿದು ಆಘಾತಕ್ಕೆ ಒಳಗಾದವರೆಲ್ಲರ ತಲೆಯನ್ನು ತಗ್ಗಿಸಿ ಕಾಲನ್ನೆತ್ತುವ ಟ್ರೆಂಡೆಲೆನ್‌ಬರ್ಗ್ ಭಂಗಿಯನ್ನೂ ಹೀಗೆಯೇ ಒಂದು ಕಾಲದಲ್ಲಿ ಕಣ್ಣುಮುಚ್ಚಿ ಬಳಸಿದೆವು. ಹತ್ತೊಂಬತ್ತನೆಯ ಶತಮಾನದ ಆ ಜರ್ಮನ್ ಶಸ್ತ್ರವೈದ್ಯನು ಅದನ್ನು ಬಳಸಿದ್ದಾದರೋ ಕೆಳಹೊಟ್ಟೆಯ ಶಸ್ತ್ರಕ್ರಿಯೆಗೆ ಎಡೆಯಾಗಲೆಂದು. ಆ ಕೆಲಸಕ್ಕೆ ಅದು ಇಂದಿಗೂ ಸಲ್ಲುತ್ತದೆ. ಆಘಾತಕ್ಕೆ ಅದನ್ನು ವಾಡಿಕೆಯಾಗಿ ಬಳಸುವುದನ್ನು ಬಿಟ್ಟಾಗಿದೆ. ಕಲಿತದ್ದನ್ನು ಕಾಲಕ್ಕೆ ತಕ್ಕಂತೆ ಬಿಡಲು ಬಲ್ಲ ಕೈಯೇ ಕಲಿತ ಕೈ.

ಕೆಲವು ವಾರಗಳ ಮೇಲೆ ಯಲಹಂಕದ ಆ ಮನೆಗೆ ಮತ್ತೆ ಹೋದೆ. ಯಜಮಾನರ ಬೆನ್ನನ್ನು ಹಗಲ ಬೆಳಕಿಗೆ ತಿರುಗಿಸಿ ಮುಟ್ಟಿ ನೋಡಿದೆ; ಎಲ್ಲಿಯೂ ಬಿಸಿಯಿಲ್ಲ, ಗಟ್ಟಿಯಿಲ್ಲ. ಗೋಡೆಯ ಮೊಳೆಗೆ ಕ್ಯಾಲೆಂಡರಿನ ಹಾಳೆಗಳು ಒಂದರ ಮೇಲೊಂದು ಸೇರಿದ್ದುವು. ಸೊಸೆಯ ನೀಲಿ ಪೆನ್ನಿನ ಗುರುತುಗಳ ನಡುವೆ, ಒಂದು ರಾತ್ರಿಯ 2 ಗಂಟೆಯ ಮನೆಯಲ್ಲಿ 'ಅಂ' ಎಂಬ ಅಕ್ಷರದ ಮುಂದೆ, ಶಾಲೆಯ ಹುಡುಗರು ಬಳಸುವ ಪೆನ್ಸಿಲಿನಿಂದ ದಪ್ಪಗೆ ಎಳೆದ ಒಂದು ಗುರುತಿತ್ತು. ಕೇಳಿದ್ದಕ್ಕೆ, 'ಆವತ್ತು ನನಗೆ ಜ್ವರ ಸಿಸ್ಟರ್, ಎಚ್ಚರವೇ ಆಗಲಿಲ್ಲ. ಮಗು ಅವರಪ್ಪನನ್ನು ಎಬ್ಬಿಸಿಕೊಂಡು ತಾನೇ ಸೀರೆಯ ಈ ಅಂಚು ಹಿಡಿದನಂತೆ' ಎಂದಳು. ಯಜಮಾನರು ಮಾತಾಡಲಿಲ್ಲ, ಆಡುವ ಬಲಗೈಯಿಂದ ಆ ಹಾಳೆಯತ್ತ ಒಮ್ಮೆ ತೋರಿಸಿ, ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು.